ತುಕ್ಕು ಮತ್ತು ರಂಜಕ: ಕೊಳಚೆ ನೀರಿನ ಶುದ್ಧೀಕರಣದಲ್ಲಿ ಲೋಹಕ್ಷಯ ವಿಧಾನದ ವಿಮರ್ಶೆ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ನಾವು ಸಾಮಾನ್ಯವಾಗಿ ನಷ್ಟವೆಂದೇ ಎಣಿಸುತ್ತೇವೆ. ಸೇತುವೆ, ನೀರಿನ ಕೊಳವೆ, ಅಣೆಕಟ್ಟಿನ ಬಾಗಿಲು, ನೇಗಿಲಿನ ಕುಳ ಇವೆಲ್ಲವನ್ನೂ ಕ್ರಮಕ್ರಮವಾಗಿ ತಿಂದುಹಾಕುವ ಈ ಕ್ರಿಯೆಯನ್ನು ತಡೆಯುವುದಕ್ಕೆಂದೇ ಬಣ್ಣ, ಎಣ್ಣೆ, ಸತುವಿನ ಲೇಪ ಮೊದಲಾದ ಉಪಾಯಗಳು ಬಳಕೆಗೆ ಬಂದಿವೆ. ಇದೇ ಕ್ರಿಯೆಯನ್ನು ಬುದ್ಧಿಪೂರ್ವಕವಾಗಿ ನಡೆಯಗೊಟ್ಟು, ಕೊಳಚೆ ನೀರಿನಲ್ಲಿ ಕರಗಿರುವ ರಂಜಕವನ್ನು ಹಿಡಿದು ತೆಗೆಯಬಹುದೆಂಬ ವಿಧಾನವು ಕಳೆದ ಕೆಲವು ದಶಕಗಳಿಂದ ಅನೇಕ ದೇಶಗಳ ವಿಜ್ಞಾನಿಗಳ ಗಮನವನ್ನು ಸೆಳೆದಿದೆ.

ಈ ವಿಧಾನವನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು ವಿಚಾರಿಸುವುದಕ್ಕೆ ವಿಶೇಷ ಕಾರಣವಿದೆ. ಸಂಡೂರಿನ ಬೆಟ್ಟಗಳು ದೇಶದ ಹೆಸರಾಂತ ಕಬ್ಬಿಣದ ಅದಿರಿನ ನೆಲೆಗಳಲ್ಲೊಂದು. ಹೊಸಪೇಟೆಯ ಮಗ್ಗುಲಲ್ಲಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯವಿದೆ. ಅದರ ಕೆಳಗೆ ನದಿಯು ಹಂಪಿಯ ಬಂಡೆಗಳ ನಡುವೆ ಹಾದು ಕಂಪ್ಲಿಯ ಭತ್ತದ ಗದ್ದೆಗಳ ಬದಿಗೆ ಬರುತ್ತದೆ. ಕಬ್ಬಿಣವೂ ಇಲ್ಲಿಯೇ ಇದೆ, ಕೊಳಚೆಯೂ ಇಲ್ಲಿಯೇ ಇದೆ. ಹೀಗಿರುವಾಗ ಇಲ್ಲಿಯ ಕಬ್ಬಿಣದಿಂದ ಇಲ್ಲಿಯ ನೀರನ್ನು ಶುದ್ಧಿ ಮಾಡಬಾರದೇಕೆ ಎಂಬ ಆಲೋಚನೆ ಯಾರಿಗಾದರೂ ಸಹಜವಾಗಿ ಹೊಳೆಯತಕ್ಕದ್ದು. ಆ ಆಲೋಚನೆಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ತೂರಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ರಂಜಕವನ್ನು ತೆಗೆಯಬೇಕಾದುದೇಕೆ ಎಂಬುದನ್ನು ನೋಡೋಣ. ರಂಜಕವು ವಿಷವಲ್ಲ, ಸಕಲ ಜೀವಿಗಳಿಗೂ ಅವಶ್ಯವಾದ ಮೂಲವಸ್ತು. ಮನುಷ್ಯನ ದೇಹದಿಂದ ದಿನಕ್ಕೆ ಒಂದರಿಂದ ಎರಡು ಗ್ರಾಂನಷ್ಟು ರಂಜಕ, ಅದರಲ್ಲಿಯೂ ಬಹುಪಾಲು ಮೂತ್ರದ ಮೂಲಕ, ಹೊರಬೀಳುತ್ತದೆ. ಇದು ನಿಂತ ನೀರನ್ನು ಸೇರಿದಾಗ ಪಾಚಿಗೆ ಗೊಬ್ಬರವಾಗುತ್ತದೆ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು ‘ಸರೋವರ 226’ ಎಂಬ ಕೆರೆಯನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕಗಳನ್ನು, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗವು ದಟ್ಟವಾದ ಪಾಚಿಯಿಂದ ಹಸುರಾಯಿತು. ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. 1974ರಲ್ಲಿ ಪ್ರಕಟವಾದ ಈ ಪ್ರಯೋಗವು ಸಿಹಿನೀರಿನ ಕೆರೆಗಳಲ್ಲಿ ಪಾಚಿಯ ಬೆಳೆಗೆ ಕಡಿವಾಣ ರಂಜಕವೇ ಎಂಬ ಮಾತಿಗೆ ಬಹುದೊಡ್ಡ ಆಧಾರವಾಯಿತು. ಇತ್ತೀಚಿನ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಹಸುರು ಬಣ್ಣಕ್ಕೆ ತಿರುಗಿದ ಸಂಗತಿಯನ್ನು ವೃತ್ತಪತ್ರಿಕೆಗಳು ಒಂದಕ್ಕಿಂತ ಹೆಚ್ಚು ಬಾರಿ ವರದಿ ಮಾಡಿವೆ. ಆದುದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ.

ಕಾನೂನಿನ ದೃಷ್ಟಿಯಿಂದಲೂ ಇದು ಗಮನಾರ್ಹ. ಕೇಂದ್ರ ಸರ್ಕಾರವು 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಕೊಳಚೆ ಶುದ್ಧೀಕರಣದ ಮಾನದಂಡಗಳಲ್ಲಿ ರಂಜಕದ ಮಿತಿ ಇರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಏಪ್ರಿಲ್ 30ರ ತನ್ನ ಆದೇಶದಲ್ಲಿ ಕೆರೆಕುಂಟೆಗಳಿಗೆ ಬಿಡುವ ನೀರಿನಲ್ಲಿ ರಂಜಕವು ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಒಪ್ಪಿಕೊಂಡಿತು. ಸಾಧಾರಣ ಜೈವಿಕ ಶುದ್ಧೀಕರಣದಿಂದ ಈ ಮಟ್ಟವನ್ನು ಮುಟ್ಟುವುದು ಕಷ್ಟವಾದುದರಿಂದಲೇ ಲೋಹಗಳ ಸಹಾಯವನ್ನು ಬೇಡಬೇಕಾಗುತ್ತದೆ.

ಇನ್ನು ವಿಧಾನದ ತತ್ತ್ವ. ಲೋಹರೂಪದ ಕಬ್ಬಿಣವು ಗಾಳಿ ಬೆರೆತ ನೀರಿನಲ್ಲಿದ್ದಾಗ ಅದರ ಪರಮಾಣುಗಳು ಎರಡೆರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಫೆರಸ್ ಅಯಾನುಗಳಾಗಿ ನೀರಿಗಿಳಿಯುತ್ತವೆ. ಆ ಎಲೆಕ್ಟ್ರಾನುಗಳನ್ನು ನೀರಿನಲ್ಲಿ ಕರಗಿರುವ ಆಮ್ಲಜನಕವು ಸ್ವೀಕರಿಸುತ್ತದೆ. ಫೆರಸ್ ಅಯಾನು ಮತ್ತೂ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಫೆರಿಕ್ ಆಗುತ್ತದೆ. ಹೀಗೆ ಆಗತಾನೆ ಹುಟ್ಟಿದ ಫೆರಿಕ್ ಕಬ್ಬಿಣವು ಫಾಸ್ಫೇಟಿನೊಡನೆ ಕೂಡಿ ಕರಗದ ವಸ್ತುವಾಗುತ್ತದೆ. ಉಳಿದುದು ನೀರಿನೊಡನೆ ಸೇರಿ ಕಂದುಬಣ್ಣದ, ಸ್ಫಟಿಕರೂಪವಿಲ್ಲದ, ಹತ್ತಿಯಂತೆ ಹಗುರವಾದ ತುಕ್ಕಾಗುತ್ತದೆ. ಈ ಹೊಸ ತುಕ್ಕಿನ ಒಂದು ಗ್ರಾಂನಲ್ಲಿ ನೂರಾರು ಚದರ ಮೀಟರಿನಷ್ಟು ಮೇಲ್ಮೈ ಇರುವುದರಿಂದ ಫಾಸ್ಫೇಟು ಅದಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಆದಕಾರಣ ರಂಜಕವನ್ನು ಹಿಡಿಯುವ ಶಕ್ತಿ ಕಬ್ಬಿಣವೆಂಬ ಪದಾರ್ಥದಲ್ಲಿ ಸುಮ್ಮನೆ ಇರತಕ್ಕದ್ದಲ್ಲ. ಅದು ತುಕ್ಕು ಹಿಡಿಯುತ್ತಿರುವ ಕ್ರಿಯೆಯಲ್ಲಿದೆ. ಮುಂದೆ ನಾವು ಹೇಳುವುದೆಲ್ಲ ಈ ಒಂದು ಮಾತನ್ನೇ ಅವಲಂಬಿಸಿದೆ.

ಈ ಭೇದವನ್ನು ಮರೆತುದರಿಂದಲೇ ಮೊದಲನೆಯ ತಪ್ಪು ಹುಟ್ಟುತ್ತದೆ. ಸಂಡೂರಿನ ಅದಿರಿನ ಪುಡಿಯನ್ನೋ, ಅದಿರನ್ನು ತೊಳೆದಾಗ ಉಳಿಯುವ ಕೆಂಪು ಕೆಸರನ್ನೋ ಕೊಳಚೆಗೆ ಸುರಿದರೆ ಸಾಕೆಂಬುದು ಆ ತಪ್ಪು. ಸಂಡೂರಿನ ಅದಿರು ಮುಖ್ಯವಾಗಿ ಹೆಮಟೈಟು. ಅದರಲ್ಲಿರುವ ಕಬ್ಬಿಣವು ಆಗಲೇ ಆಮ್ಲಜನಕದೊಡನೆ ಪೂರ್ತಿ ಕೂಡಿ, ಯುಗಾಂತರಗಳ ಕಾಲ ಗಟ್ಟಿಯಾಗಿ ಸ್ಫಟಿಕವಾಗಿ ಕುಳಿತಿದೆ. ಅದು ತುಕ್ಕು ಹಿಡಿದು ಮುಗಿದ ಕಬ್ಬಿಣ. ಮತ್ತೆ ತುಕ್ಕು ಹಿಡಿಯುವ ಸಂಭವವೇ ಇಲ್ಲ. ನುಣ್ಣಗೆ ಅರೆದ ಅದಿರು ಅಲ್ಪಸ್ವಲ್ಪ ಫಾಸ್ಫೇಟನ್ನು ತನ್ನ ಮೇಲ್ಮೈಯಲ್ಲಿ ಹಿಡಿಯುವುದು ನಿಜ. ಆದರೆ ಅದು ಬೇರೆಯ ಕ್ರಿಯೆ, ಬಹಳ ಬೇಗ ತುಂಬಿಹೋಗುವ ಕ್ರಿಯೆ. ಅದಿರಿನಿಂದ ಲೋಹವನ್ನು ಪಡೆಯಬೇಕಾದರೆ ಇದ್ದಿಲು ಅಥವಾ ಕೋಕಿನ ಬೆಂಕಿಯಲ್ಲಿ ಅದರ ಆಮ್ಲಜನಕವನ್ನು ಕಿತ್ತು ತೆಗೆಯಬೇಕು. ಈ ಸೀಮೆಯ ಹಳೆಯ ಕುಲುಮೆಗಳೂ ಇಂದಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದೊಡ್ಡ ಊದುಕುಲುಮೆಗಳೂ ಮಾಡುವುದು ಇದನ್ನೇ. ಬೆಂಕಿ ಕೊಟ್ಟ ಆ ಶಕ್ತಿಯನ್ನು ಲೋಹವು ತುಕ್ಕಾಗುವಾಗ ಹಿಂದಿರುಗಿಸುತ್ತದೆ. ರಂಜಕವನ್ನು ಹಿಡಿಯಲು ನಾವು ಖರ್ಚು ಮಾಡುವುದು ಆ ಶಕ್ತಿಯನ್ನು. ಆದುದರಿಂದ ಈ ಕೆಲಸಕ್ಕೆ ಬೇಕಾದುದು ಸಂಡೂರಿನ ಬೆಟ್ಟವಲ್ಲ, ಹೊಸಪೇಟೆಯ ಗುಜರಿ ಅಂಗಡಿ. ಲೇತ್ ಯಂತ್ರದ ಕೆಳಗೆ ಬಿದ್ದ ಕಬ್ಬಿಣದ ಸುರುಳಿ, ಅರದ ಪುಡಿ, ಹಳೆಯ ತಗಡು. ಅವುಗಳಲ್ಲಿಯೂ ಎಣ್ಣೆ ಅಂಟಿದವನ್ನು ತೊಳೆದು, ಸತುವಿನ ಲೇಪವಿರುವವನ್ನು ಬೇರ್ಪಡಿಸಿಯೇ ಉಪಯೋಗಿಸಬೇಕು.

ಬೇರೆ ದೇಶಗಳ ಅನುಭವ ಏನೆಂದು ನೋಡೋಣ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಮರಳಿನಲ್ಲಿ ತೂಕದ ಲೆಕ್ಕದಿಂದ ಶೇಕಡಾ 5ರಿಂದ 8ರಷ್ಟು ಕಬ್ಬಿಣದ ಅರಪುಡಿಯನ್ನು ಬೆರೆಸಿ ಸೋಸುಹಾಸುಗಳನ್ನು ರಚಿಸಿದರು. ಅವು ಕರಗಿದ ಫಾಸ್ಫೇಟನ್ನು ಚೆನ್ನಾಗಿ ಹಿಡಿದುವು. ಜಪಾನಿನಲ್ಲಿ ‘ಜೊಹ್ಕಾಸೊ’ ಎಂಬ ಮನೆಮಟ್ಟದ ಶುದ್ಧೀಕರಣ ತೊಟ್ಟಿಗಳ ಕೆಲವು ಮಾದರಿಗಳಲ್ಲಿ ಕಬ್ಬಿಣದ ಫಲಕಗಳಿಗೆ ವಿದ್ಯುತ್ತನ್ನು ಹಾಯಿಸಿ ಅವು ಬೇಗ ಸವೆಯುವಂತೆ ಮಾಡುತ್ತಾರೆ. ಮಿಲ್ವಾಕಿ ನಗರದಲ್ಲಿ 1970ರ ದಶಕದಿಂದ ಉಕ್ಕಿನ ತುಕ್ಕನ್ನು ಆಮ್ಲದಲ್ಲಿ ತೊಳೆದಾಗ ಉಳಿಯುವ ಕಬ್ಬಿಣಯುಕ್ತ ದ್ರವವನ್ನೇ ಕೊಳಚೆಗೆ ಬೆರೆಸಿ ರಂಜಕವನ್ನು ತೆಗೆದಿದ್ದಾರೆ. ಈ ಮೂರೂ ಒಂದೇ ತತ್ತ್ವದ ಮೂರು ರೂಪಗಳು: ಮೊದಲನೆಯದರಲ್ಲಿ ಗಾಳಿ, ಎರಡನೆಯದರಲ್ಲಿ ವಿದ್ಯುತ್ತು, ಮೂರನೆಯದರಲ್ಲಿ ಆಮ್ಲ ಕಬ್ಬಿಣವನ್ನು ಕರಗಿಸುತ್ತವೆ.

ಆದರೆ ಈ ಯಶಸ್ಸುಗಳನ್ನು ಓದುವಾಗ ಅವುಗಳ ಷರತ್ತುಗಳನ್ನೂ ಓದಬೇಕು. ಮಿನ್ನೆಸೋಟದ ಹಾಸುಗಳು ಸೋಸುವುದು ಮಳೆಯ ನೀರನ್ನು. ಎರಡು ಮಳೆಗಳ ನಡುವೆ ಹಾಸು ಬಸಿದು ಒಣಗುತ್ತದೆ, ಗಾಳಿ ಒಳನುಗ್ಗುತ್ತದೆ, ಹೊಸ ತುಕ್ಕು ಹುಟ್ಟುತ್ತದೆ. ನಗರದ ಕೊಳಚೆ ಹಗಲಿರುಳೂ ಹರಿಯತಕ್ಕದ್ದು. ಅದರಲ್ಲಿ ಆಮ್ಲಜನಕ ಕಡಮೆ, ಸಾವಯವ ಪದಾರ್ಥ ಹೆಚ್ಚು, ಗಂಧಕದ ಸಂಯುಕ್ತಗಳೂ ಉಂಟು. ಸಾವಯವ ಪದಾರ್ಥ, ಸಿಲಿಕೇಟು, ಬೈಕಾರ್ಬೊನೇಟುಗಳು ತುಕ್ಕಿನ ಮೇಲ್ಮೈಗಾಗಿ ಫಾಸ್ಫೇಟಿನೊಡನೆ ಪೈಪೋಟಿ ನಡೆಸುತ್ತವೆ. ಗಂಧಕವು ಕಬ್ಬಿಣವನ್ನು ತನ್ನತ್ತ ಎಳೆದುಕೊಂಡು ಕಪ್ಪಾದ ಸಲ್ಫೈಡು ಮಾಡಿಬಿಡುತ್ತದೆ. ಇಷ್ಟಲ್ಲದೆ, ಕಬ್ಬಿಣದ ಮೇಲೆ ಗಟ್ಟಿಯಾದ ಪದರ ಬೆಳೆದರೆ ಒಳಗಿನ ಲೋಹಕ್ಕೆ ನೀರು ಮುಟ್ಟದೆ ಕ್ರಿಯೆ ನಿಧಾನವಾಗುತ್ತದೆ. ತುಣುಕುಗಳು ಒಂದಕ್ಕೊಂದು ಬೆಸೆದುಕೊಂಡು ಹಾಸು ಕಟ್ಟಿಕೊಳ್ಳುತ್ತದೆ. ಯಾವ ತುಕ್ಕು ರಂಜಕವನ್ನು ಹಿಡಿಯುತ್ತದೋ ಅದೇ ತುಕ್ಕು ಮುಂದಿನ ತುಕ್ಕಿಗೆ ತಡೆಯಾಗುತ್ತದೆ. ಈ ವಿಧಾನದ ಹುಟ್ಟುದೋಷ ಇದೇ.

ಇಲ್ಲಿ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಸಂಬಂಧಿಸಿದ ಒಂದು ಮಾತನ್ನು ಹೇಳದಿರಲಾಗದು. ಈ ವಿಷಯದ ಪ್ರಯೋಗವರದಿಗಳಲ್ಲಿ ‘ಶೇಕಡಾ ತೊಂಬತ್ತಕ್ಕಿಂತ ಹೆಚ್ಚು ರಂಜಕ ನಿವಾರಣೆಯಾಯಿತು’ ಎಂಬ ಮಾದರಿಯ ತೀರ್ಮಾನ ಮೇಲಿಂದ ಮೇಲೆ ಕಾಣುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಪೊಟ್ಯಾಸಿಯಂ ಫಾಸ್ಫೇಟನ್ನು ಕರಗಿಸಿ, ಹೊಳೆಯುವ ಹೊಸ ಕಬ್ಬಿಣದ ಪುಡಿಯನ್ನು ಹಾಕಿ, ಕೆಲವು ಗಂಟೆ ಕಲಕಿದರೆ ಅಂಥ ಅಂಕಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಅದು ಸುಳ್ಳೂ ಅಲ್ಲ. ಆದರೆ ಕೊಳಚೆಯ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಶೇಕಡಾವಾರು ಲೆಕ್ಕವೂ ಮೋಸಗೊಳಿಸತಕ್ಕದ್ದು. ಲೀಟರಿಗೆ 20 ಮಿಲಿಗ್ರಾಂ ಇದ್ದುದು 2ಕ್ಕೆ ಇಳಿದರೆ ಶೇಕಡಾ 90 ಆಯಿತು. ಆದರೂ ಅದು 1 ಮಿಲಿಗ್ರಾಂ ಮಿತಿಯ ಎರಡರಷ್ಟಿದೆ, ಪಾಚಿಗೆ ಬೇಕಾದುದಕ್ಕಿಂತಲಂತೂ ಎಷ್ಟೋ ಪಾಲು ಹೆಚ್ಚಾಗಿದೆ. ಕೇಳಬೇಕಾದ ಪ್ರಶ್ನೆಗಳು ಬೇರೆ: ಕೊನೆಗೆ ಉಳಿದ ರಂಜಕವೆಷ್ಟು? ಒಂದು ಗ್ರಾಂ ರಂಜಕಕ್ಕೆ ಎಷ್ಟು ಗ್ರಾಂ ಕಬ್ಬಿಣ ಸವೆಯಿತು? ಎಷ್ಟು ದಿನಗಳವರೆಗೆ ಈ ಫಲ ನಿಂತಿತು? ಈ ಮೂರಕ್ಕೂ ಉತ್ತರವಿಲ್ಲದ ವರದಿಯನ್ನು ನಂಬಿ ಪುರಸಭೆಯೊಂದು ಹಣ ಹೂಡಿದರೆ, ನಷ್ಟವಾಗುವುದು ಪ್ರಯೋಗ ಮಾಡಿದವರಿಗಲ್ಲ. ಹೊಳೆಯ ಕೆಳಗಡೆಯ ಊರಿನವರಿಗೆ.

ಈಗ ಹೊಸಪೇಟೆಯ ಲೆಕ್ಕವನ್ನೇ ಹಾಕಿ ನೋಡೋಣ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು. ತಲೆಗೆ ದಿನಕ್ಕೆ ಒಂದೂವರೆ ಗ್ರಾಂ ಎಂದಿಟ್ಟುಕೊಂಡರೆ ಎರಡು ಲಕ್ಷ ಜನರಿಂದ ದಿನಕ್ಕೆ 300 ಕಿಲೋಗ್ರಾಂ ರಂಜಕ ಹೊರಬೀಳುತ್ತದೆ. ಅದರಲ್ಲಿ ಒಂದಂಶ ಶೌಚದ ಗುಂಡಿಗಳಲ್ಲಿಯೂ ಮಣ್ಣಿನಲ್ಲಿಯೂ ಉಳಿಯುವುದರಿಂದ ಇದನ್ನು ಮೇಲ್ಮಿತಿಯೆಂದು ತಿಳಿಯಬೇಕು. ರಂಜಕದ ಪರಮಾಣುಭಾರ 31, ಕಬ್ಬಿಣದ್ದು 56. ಒಂದಕ್ಕೆ ಒಂದು ಪರಮಾಣು ಎಂದರೂ ಒಂದು ಕಿಲೋ ರಂಜಕಕ್ಕೆ 1.8 ಕಿಲೋ ಕಬ್ಬಿಣ ಬೇಕು. ವ್ಯವಹಾರದಲ್ಲಿ ಒಂದು ಪರಮಾಣು ರಂಜಕಕ್ಕೆ ಎರಡೂವರೆ ಪರಮಾಣು ಕಬ್ಬಿಣ ಬೇಕಾಗುತ್ತದೆಂದು ಹಿಡಿದರೆ 4.5 ಕಿಲೋ ಆಗುತ್ತದೆ. ಎಂದರೆ ದಿನಕ್ಕೆ 1,350 ಕಿಲೋ, ವರ್ಷಕ್ಕೆ ಸುಮಾರು 490 ಟನ್ ಕಬ್ಬಿಣ ತುಕ್ಕಾಗಬೇಕು. ಅಷ್ಟು ಗುಜರಿ ಕಬ್ಬಿಣವನ್ನು ಕೂಡಿಸುವುದು ಅಸಾಧ್ಯವಲ್ಲ. ಇದನ್ನೇ ವಿದ್ಯುತ್ತಿನಿಂದ ಮಾಡಿದರೆ, ಫ್ಯಾರಡೆಯ ನಿಯಮದಂತೆ ಒಂದು ಆಂಪಿಯರ್-ಗಂಟೆಗೆ 1.04 ಗ್ರಾಂ ಕಬ್ಬಿಣ ಕರಗುವುದರಿಂದ, 5 ವೋಲ್ಟ್ ಒತ್ತಡದಲ್ಲಿ ದಿನಕ್ಕೆ ಸುಮಾರು 6,500 ಯೂನಿಟ್ ವಿದ್ಯುತ್ತು ಬೇಕು.

ಕಷ್ಟವಿರುವುದು ಮುಂದಿನ ಲೆಕ್ಕದಲ್ಲಿ. ಹೀಗೆ ಹಿಡಿದ ಫೆರಿಕ್ ಫಾಸ್ಫೇಟು ಮತ್ತು ತುಕ್ಕು ಸೇರಿ ಒಂದು ಕಿಲೋ ರಂಜಕಕ್ಕೆ ಸುಮಾರು 10 ಕಿಲೋ ಒಣ ಗಸಿಯಾಗುತ್ತದೆ. ದಿನಕ್ಕೆ 3 ಟನ್ ಒಣ ಗಸಿ. ಹಿಂಡಿದ ಮೇಲೂ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ ಸಾಗಿಸಬೇಕಾದುದು 15 ಟನ್. ಇದನ್ನು ಎಲ್ಲಿ ಹಾಕಬೇಕು? ನೀರಿನಿಂದ ರಂಜಕವನ್ನು ತೆಗೆದೆವೆಂದು ಹೇಳುವವರು ತೆಗೆದ ರಂಜಕವನ್ನು ಎಲ್ಲಿ ಇಟ್ಟೆವೆಂದೂ ಹೇಳಬೇಕಷ್ಟೆ.

ಈ ಪ್ರಶ್ನೆಗೆ ಮಹತ್ತ್ವವಿರುವುದು ತುಕ್ಕಿನ ಇನ್ನೊಂದು ಗುಣದಿಂದ. ಕ್ಲಿಫರ್ಡ್ ಮಾರ್ಟಿಮರ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಸರೋವರಗಳ ತಳದ ಕೆಸರನ್ನು ಪರೀಕ್ಷಿಸಿ 1941 ಮತ್ತು 1942ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿದಂತೆ, ತಳದ ನೀರಿನಲ್ಲಿ ಆಮ್ಲಜನಕ ಇರುವವರೆಗೆ ಫೆರಿಕ್ ಕಬ್ಬಿಣವು ಫಾಸ್ಫೇಟನ್ನು ಹಿಡಿದಿರುತ್ತದೆ. ಆಮ್ಲಜನಕ ತೀರಿದೊಡನೆ ಅದು ಫೆರಸ್ ಆಗಿ ಕರಗಿ, ಹಿಡಿದುದನ್ನು ಬಿಟ್ಟುಬಿಡುತ್ತದೆ. ಎಂದ ಮೇಲೆ ಗಸಿಯನ್ನು ಹಳ್ಳಕ್ಕೋ ಕೆರೆಯ ಅಂಗಳಕ್ಕೋ ಸುರಿದರೆ ರಂಜಕವನ್ನು ತೆಗೆದಂತಾಗಲಿಲ್ಲ. ಒಂದು ಋತುವಿನ ಮಟ್ಟಿಗೆ ಮುಂದೂಡಿದಂತಾಯಿತು.

ಜಲಾಶಯಕ್ಕೇ ಈ ವಿಧಾನವನ್ನು ಅನ್ವಯಿಸಬಹುದೆಂಬ ಆಸೆಯನ್ನೂ ಇದೇ ಕಾರಣದಿಂದ ಬಿಡಬೇಕಾಗುತ್ತದೆ. ಜಲಾಶಯದಲ್ಲಿ 100 ಟಿ.ಎಂ.ಸಿ. ನೀರಿದ್ದು, ಅದರಲ್ಲಿ ಲೀಟರಿಗೆ 0.1 ಮಿಲಿಗ್ರಾಂ ರಂಜಕವಿದೆಯೆಂದು ಲೆಕ್ಕಕ್ಕಾಗಿ ಭಾವಿಸಿದರೆ ಒಟ್ಟು ರಂಜಕ 283 ಟನ್ ಆಗುತ್ತದೆ. ಅಷ್ಟು ತೆಳುವಾಗಿ ಹರಡಿರುವ ರಂಜಕವನ್ನು ಕಬ್ಬಿಣದ ಹಾಸಿನ ಬಳಿಗೆ ತರುವುದೆಂದರೆ ಇಡೀ ಜಲಾಶಯವನ್ನೇ ಸೋಸಿದಂತೆ. ಇಷ್ಟಲ್ಲದೆ ಭೂಗೋಳವನ್ನೂ ಮರೆಯಬಾರದು. ಹೊಸಪೇಟೆ ಇರುವುದು ಅಣೆಕಟ್ಟಿನ ಕೆಳಗೆ. ಜಲಾಶಯದ ಹಸುರಿಗೆ ಅದರ ಕೊಳಚೆಯನ್ನು ದೂರುವಂತಿಲ್ಲ. ಜಲಾಶಯಕ್ಕೆ ಬರುವ ರಂಜಕದ ಮೂಲಗಳನ್ನು ಮೇಲ್ಗಡೆಯ ಶಿವಮೊಗ್ಗ, ಭದ್ರಾವತಿ, ಹರಿಹರ ಮೊದಲಾದ ಊರುಗಳ ಕೊಳಚೆಯಲ್ಲಿಯೂ ತುಂಗಾ, ಭದ್ರಾ, ವರದಾ ತೀರಗಳ ಹೊಲಗದ್ದೆಗಳಿಂದ ಬಸಿಯುವ ನೀರಿನಲ್ಲಿಯೂ ಹುಡುಕಬೇಕು. ಕೊಳವೆಯೊಳಗೆ ಬರುವುದನ್ನು ತುಕ್ಕಿನಿಂದ ತಡೆಯಬಹುದು. ಸಾವಿರಾರು ಗದ್ದೆಗಳ ಬದುಗಳಿಂದ ಇಳಿಯುವುದನ್ನು ಗೊಬ್ಬರದ ಮಿತವಾದ ಬಳಕೆಯಿಂದ ಮಾತ್ರ ತಡೆಯಬಹುದು. ಹೊಸಪೇಟೆಯ ಕೊಳಚೆಯ ಪರಿಣಾಮ ತಟ್ಟುವುದು ಕೆಳಗಡೆಗೆ, ಹಂಪಿ ಕಂಪ್ಲಿಗಳ ಕಡೆಗೆ. ಅಲ್ಲಿ ನದಿ ಬೇಸಗೆಯಲ್ಲಿ ಸೊರಗಿ ಮಡುಗಳಾಗಿ ನಿಲ್ಲುತ್ತದೆ. ಅಂಥ ನಿಂತ ನೀರಿನಲ್ಲಿಯೇ ರಂಜಕದ ಕೆಡುಕು ಹೆಚ್ಚು.

ಇಷ್ಟು ದೋಷಗಳನ್ನು ಎಣಿಸಿದ ಮೇಲೆ ವಿಧಾನವನ್ನೇ ತಳ್ಳಿಹಾಕಬೇಕೆ? ಹಾಗೆ ನಾವು ಹೇಳುವುದಿಲ್ಲ. ಕೆರೆಯಲ್ಲಿ ದೋಷವಾದ ಗುಣ ಗದ್ದೆಯಲ್ಲಿ ಗುಣವೇ ಆಗಬಲ್ಲುದು. ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನೊಳಗಿನ ಆಮ್ಲಜನಕ ಕೆಲವೇ ದಿನಗಳಲ್ಲಿ ತೀರುತ್ತದೆ; ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ; ಅದು ಹಿಡಿದಿದ್ದ ಫಾಸ್ಫೇಟು ಸಡಿಲಗೊಂಡು ಪೈರಿನ ಬೇರಿಗೆ ಸಿಕ್ಕುತ್ತದೆ. ನೀರು ಕಟ್ಟಿದ ಭತ್ತದ ಮಣ್ಣುಗಳಲ್ಲಿ ರಂಜಕದ ಲಭ್ಯತೆ ಹೆಚ್ಚುವುದಕ್ಕೆ ಇದೊಂದು ಮುಖ್ಯ ಕಾರಣವೆಂಬುದು ಮಣ್ಣಿನ ವಿಜ್ಞಾನದಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ. ಕಂಪ್ಲಿಯ ಸುತ್ತ ಭತ್ತವೇ ಪ್ರಧಾನ ಬೆಳೆಗಳಲ್ಲೊಂದು. ಅಲ್ಲಿಯ ರೈತರು ಕೊಳ್ಳುವ 50 ಕಿಲೋ ಡಿ.ಎ.ಪಿ. ಚೀಲವೊಂದರಲ್ಲಿ ಮೂಲವಸ್ತುವಿನ ಲೆಕ್ಕದಿಂದ ಸುಮಾರು 10 ಕಿಲೋ ರಂಜಕವಿರುತ್ತದೆ; ಅದಕ್ಕೆ ಬೇಕಾದ ರಂಜಕದ ಶಿಲೆಯ ಬಹುಪಾಲನ್ನು ನಮ್ಮ ದೇಶ ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಹೊಸಪೇಟೆಯ ಜನರಿಂದ ಹೊರಬೀಳುವ 300 ಕಿಲೋ ಎಂದರೆ ದಿನಕ್ಕೆ 30 ಚೀಲ, ವರ್ಷಕ್ಕೆ 11,000 ಚೀಲಗಳ ರಂಜಕ. ಅದರಲ್ಲಿ ಮೂರನೆಯ ಒಂದು ಪಾಲು ಗದ್ದೆಗೆ ಹಿಂದಿರುಗಿದರೂ ಅದು ಸಣ್ಣ ಲಾಭವಲ್ಲ.

ಆದರೆ ಇದನ್ನು ಊಹೆಯ ಮೇಲೆ ಮಾಡತಕ್ಕದ್ದಲ್ಲ. ಕೊಳಚೆಯ ಗಸಿಯಲ್ಲಿ ರೋಗಾಣುಗಳೂ ಹುಳುಗಳ ಮೊಟ್ಟೆಗಳೂ ಇರುತ್ತವೆ. ಗುಜರಿ ಕಬ್ಬಿಣದಿಂದ ಕ್ರೋಮಿಯಂ, ಸತು, ಸೀಸ ಮೊದಲಾದ ಲೋಹಗಳು ಸೇರಬಹುದು. ಗದ್ದೆಗೆ ಹೋಗುವ ಮುನ್ನ ಇವೆಲ್ಲದರ ಪರೀಕ್ಷೆ ಆಗಲೇಬೇಕು. ನೆದರ್ಲೆಂಡ್ಸಿನಲ್ಲಿ ಗಾಳಿಯಿಲ್ಲದ ಗಸಿಯೊಳಗೆ ಹುಟ್ಟುವ ವಿವಿಯನೈಟ್ ಎಂಬ ಫೆರಸ್ ಫಾಸ್ಫೇಟ್ ಖನಿಜವನ್ನು ಅಯಸ್ಕಾಂತದಿಂದ ಬೇರ್ಪಡಿಸುವ ಪ್ರಾಯೋಗಿಕ ಪ್ರಯತ್ನಗಳು ನಡೆದಿವೆ. ರಂಜಕವನ್ನು ಶುದ್ಧರೂಪದಲ್ಲಿ ಮರಳಿ ಪಡೆಯುವ ಇಂಥ ದಾರಿಗಳೂ ಗಮನಕ್ಕೆ ಅರ್ಹವಾಗಿವೆ.

ಮೇಲಿನ ಚರ್ಚೆಯಿಂದ ನಾವು ತಲಪಿದ ಅಭಿಪ್ರಾಯ ಇದು. ಲೋಹಕ್ಷಯ ವಿಧಾನವು ಜಲಾಶಯಕ್ಕೆ ಹೊಂದತಕ್ಕದ್ದಲ್ಲ, ಅದಿರಿನಿಂದ ನಡೆಯತಕ್ಕದ್ದಲ್ಲ, ಶುದ್ಧೀಕರಿಸದ ಹಸಿ ಕೊಳಚೆಗೂ ತಕ್ಕುದಲ್ಲ. ಜೈವಿಕ ಶುದ್ಧೀಕರಣ ಮುಗಿದು, ಗಾಳಿಯೂಡಿದ ನೀರಿಗೆ ಕೊನೆಯ ಹಂತವಾಗಿ, ಗುಜರಿ ಕಬ್ಬಿಣದ ಹಾಸುಗಳನ್ನು ಸರದಿಯ ಮೇಲೆ ತೋಯಿಸಿ ಒಣಗಿಸುತ್ತ ನಡೆಸಿದರೆ, ಅದರಲ್ಲಿಯೂ ಹಂಪಿಯ ಸುತ್ತಿನ ವಸತಿಗೃಹಗಳು, ವಿದ್ಯಾರ್ಥಿನಿಲಯಗಳು, ಸಣ್ಣ ಊರುಗಳ ಮಟ್ಟದಲ್ಲಿ, ಅದಕ್ಕೆ ನ್ಯಾಯವಾದ ಸ್ಥಾನವಿದೆ.

ಅದನ್ನು ನಿರ್ಧರಿಸಬಲ್ಲ ಪ್ರಯೋಗಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. ನಮ್ಮ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳಲ್ಲಿ ಇರುವ ಬಣ್ಣಮಾಪಕ ಮತ್ತು ತಕ್ಕಡಿಗಳೇ ಸಾಕು. ನಿಜವಾದ ಕೊಳಚೆಯನ್ನು ತೆಗೆದುಕೊಳ್ಳಬೇಕು. ಕನಿಷ್ಠಪಕ್ಷ ಮೂರು ತಿಂಗಳು, ಅದರಲ್ಲಿ ಒಂದು ಬೇಸಗೆ ಸೇರುವಂತೆ, ಹಾಸನ್ನು ನಡೆಸಬೇಕು. ಕಬ್ಬಿಣವನ್ನು ಮೊದಲೂ ಕೊನೆಗೂ ತೂಗಬೇಕು. ಗಸಿಯನ್ನು ಗಾಳಿಯಿಲ್ಲದ ಶೀಷೆಯಲ್ಲಿ ಮುಚ್ಚಿಟ್ಟು ಎಷ್ಟು ರಂಜಕ ಮರಳಿ ಹೊರಬರುತ್ತದೆಂದು ಅಳೆಯಬೇಕು. ಲೋಹಗಳ ಮತ್ತು ರೋಗಾಣುಗಳ ಪರೀಕ್ಷೆಯಾದ ಮೇಲೆ ಕಂಪ್ಲಿಯ ಗದ್ದೆಮಣ್ಣಿನ ಕುಂಡಗಳಲ್ಲಿ ಭತ್ತವನ್ನು ಬೆಳೆದು ನೋಡಬೇಕು. ಫಲ ಅನುಕೂಲವಾಗಿ ಬರಲಿ, ಪ್ರತಿಕೂಲವಾಗಿ ಬರಲಿ, ಇದ್ದುದನ್ನು ಇದ್ದಂತೆ ವರದಿ ಮಾಡಬೇಕು. ಬೀಕರಿನೊಳಗಿನ ತೊಂಬತ್ತೈದಕ್ಕಿಂತ ಇಂಥ ಪ್ರಯೋಗದಲ್ಲಿ ಬಂದ ಅರವತ್ತು ನಮ್ಮ ವಿದ್ಯಾರ್ಥಿಗಳಿಗೂ ಕಂಪ್ಲಿಯವರಿಗೂ ಹೆಚ್ಚು ಉಪಯುಕ್ತವೆಂದು ನಾವು ನಂಬುತ್ತೇವೆ.